ನೀಲವ್ವನ ಸೊನ್ನೆ ಎಲ್ಲಿ ಹೋಯಿತು?

ಎಲ್ಲರೂ ಕೂತಿರಾ? ಕಾಲು ಚಾಚಿ ಕೂತರೂ ನಡೆಯುತ್ತದೆ. ನಾನು ಉಸಿರು ತಗೊಂಡಾಗೆಲ್ಲ ನೀವು ಹೂಂ ಅನ್ನಬೇಕು. ಹೂಂ ಬರಲಿಲ್ಲವೋ, ಕಥೆ ಅಲ್ಲೇ ಕೂತುಬಿಡುತ್ತದೆ. ಅದಕ್ಕೂ ಕಾಲು ನೋಯುತ್ತದಲ್ಲ.

ಒಂದು ಊರು. ಊರಲ್ಲಿ ಒಂದು ಅಂಗನವಾಡಿ. ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಅಕ್ಕೋರು. ಅವರ ಹೆಸರು ಮಾದೇವಿ ಅಕ್ಕೋರು. ಹೊಸಬರು. ಬಂದು ಹದಿನೈದು ದಿನ. ಒಳ್ಳೆಯವರೇ. ಮಕ್ಕಳೆಂದರೆ ಜೀವ. ಆದರೆ ಸದ್ದು ಅಂದರೆ ಆಗದು. ಸುಮ್ಮನಿದ್ದರೇ ಪಾಠ, ಸದ್ದಾದರೆ ಸಂತೆ ಅಂತ ಅವರ ಲೆಕ್ಕ.

ಅಡುಗೆಗೆ ತಿಪ್ಪವ್ವ ಆಯಾ ಇದ್ದಳು. ಅವಳ ಉಪ್ಪಿಟ್ಟು ಊರಿಗೇ ಗೊತ್ತು.

ಇಪ್ಪತ್ತು ಮಕ್ಕಳಲ್ಲಿ ಒಬ್ಬಳು ನೀಲವ್ವ. ಅವಳಿಗೆ ನಾಲ್ಕು ವರ್ಷ. ಇನ್ನೊಬ್ಬಳು ದಾವಲಬಿ. ಅವಳಿಗೂ ನಾಲ್ಕೇ. ಇಬ್ಬರಿಗೂ ಒಂದೇ ಚಾಪೆ.

ನೀಲವ್ವನಿಗೆ ಪಾಟಿಯ ಮೇಲೆ ಬರೆಯಲು ಬರುತ್ತಿದ್ದುದು ಒಂದೇ ಒಂದು. ಸೊನ್ನೆ. ಅವಳ ಅವ್ವ ಶಂಕ್ರವ್ವ ರೊಟ್ಟಿ ಕೇಂದ್ರದಲ್ಲಿ ದಿನವಿಡೀ ಜೋಳದ ರೊಟ್ಟಿ ಬಡಿಯುತ್ತಾಳೆ. ಅವ್ವನ ರೊಟ್ಟಿ ಎಷ್ಟು ದುಂಡಗೋ, ಮಗಳ ಸೊನ್ನೆ ಅಷ್ಟು ದುಂಡಗೆ.

ಅದನ್ನು ಬರೆಯುವ ರೀತಿಯೂ ಒಂದಿತ್ತು. ದಾವಲಬಿ ಅಂಗೈಯಿಂದ ನೆಲ ತಟ್ಟುತ್ತಾಳೆ. ತಟ್, ತಟ್, ತಟ್. "ತಿರಗ ರೊಟ್ಟಿ, ತಿರಗ" ಅನ್ನುತ್ತಾಳೆ. ನೀಲವ್ವನ ಬಳಪ ತಿರುಗುತ್ತದೆ. ತಟ್ಟುವುದು ನಿಂತಾಗ ಸೊನ್ನೆ ಮುಗಿದಿರುತ್ತದೆ. ಅಕ್ಕೋರು ಸೊನ್ನೆ ನೋಡಿದ್ದರು. ತಟ್ಟುವುದನ್ನು ಮಾತ್ರ ಗಲಾಟೆ ಅಂದುಕೊಂಡಿದ್ದರು.

ಒಂದು ಸಂಜೆ ಅಕ್ಕೋರು ರೊಟ್ಟಿ ಕೇಂದ್ರದ ಮುಂದೆ ಹಾದುಹೋದರು. ಶಂಕ್ರವ್ವ ಕಂಡಳು.

"ಶಂಕ್ರವ್ವ, ನಿಮ್ಮ ಮಗಳು ಸೊನ್ನಿ ಭಾಳ ಚಂದ ಬರೀತಾಳ. ನಾಳೆ ಬಂದು ನೋಡ್ರಿ."

"ಹೌದೇನ್ರಿ ಅಕ್ಕೋರ? ಒಂದು ಗಂಟೆಕ್ಕ ಬಿಡುವು ಐತ್ರಿ. ಬರ್ತೀನ್ರಿ."

ಶಂಕ್ರವ್ವ ಮಗಳನ್ನು ದಿನಾ ಬಾಗಿಲ ತನಕ ಬಿಟ್ಟು ಓಡುವವಳು. ಒಳಗೆ ಬಂದು ಕೂತಿದ್ದೇ ಇಲ್ಲ. ಮಾರನೆಯ ಬೆಳಿಗ್ಗೆ ದಾರಿಯುದ್ದಕ್ಕೂ ನೀಲವ್ವ ಕೇಳಿದಳು. "ಅವ್ವಾ, ಬರ್ತಿಯಲ?" "ಹೂಂ." "ಅವ್ವಾ, ಖರೇನ ಬರ್ತಿಯಲ?" "ಹೂಂ." "ಅವ್ವಾ, ನನ್ನ ಸೊನ್ನಿ ನೋಡಾಕ ಬರ್ತಿಯಲ?" "ಹೂಂ ಅಂದೆಲ್ಲಬೇ."

ಇತ್ತ ಅಕ್ಕೋರು ಅಂಗನವಾಡಿ ಗುಡಿಸಿದರು. ಚಾಪೆ ಕೊಡವಿದರು. ಮಕ್ಕಳನ್ನು ಸಾಲಾಗಿ ಕೂರಿಸಿದರು.

"ಇವತ್ತು ನೀಲವ್ವನ ಅವ್ವ ಬರ್ತಾಳ. ಯಾರೂ ಸದ್ದು ಮಾಡಬಾರದು. ಕೈ ಕಟ್ಟು, ಬಾಯಿ ಮುಚ್ಚು. ದಾವಲಬಿ, ನೀ ಭಾಳ ತಟ್ಟತೀದಿ. ಹೋಗಿ ಗ್ವಾಡಿ ಕಡೆ ಕೂಡು. ನಾ ಏಳು ಅನ್ನೂತನಕ ಏಳಬ್ಯಾಡ."

ದಾವಲಬಿ ಎದ್ದಳು. ಗೋಡೆಯ ಕಡೆ ಹೋದಳು. ಕೂತಳು. ಕೈ ಕಟ್ಟಿದಳು. ಬಾಯಿ ಮುಚ್ಚಿದಳು.

"ನೀಲವ್ವ, ಈಗ ಸೊನ್ನಿ ಬರಿ" ಅಂದರು ಅಕ್ಕೋರು.

ನೀಲವ್ವ ಪಾಟಿ ನೋಡಿದಳು. ಪಾಟಿ ನೀಲವ್ವನನ್ನು ನೋಡಿತು. ಸೊನ್ನೆ ಬರಲಿಲ್ಲ.

"ಎಲ್ಲೈತಿ ನಿನ್ನ ಸೊನ್ನಿ?"

"ಹೋತ್ರಿ."

"ಎಲ್ಲಿ ಹೋತು?"

"ಗೊತ್ತಿಲ್ರಿ."

ನೀವು ನಗುತ್ತೀರಿ. ಸೊನ್ನೆ ಹೋದರೆ ಏನು ಹೋದ ಹಾಗಾಯಿತು ಅಂತ. ಇರುವುದು ಒಂದೇ ಆದರೆ, ಅದು ಹೋದರೆ ಎಲ್ಲಾ ಹೋದ ಹಾಗೆ. ನೀಲವ್ವನ ಕಣ್ಣು ತುಂಬಿತು.

ಗಡಿಯಾರದಲ್ಲಿ ಹನ್ನೊಂದು. ಒಂದು ಗಂಟೆಗೆ ಶಂಕ್ರವ್ವ ಬರುತ್ತಾಳೆ. ಬಂದು ಖಾಲಿ ಪಾಟಿ ನೋಡುತ್ತಾಳೆ. ಅಕ್ಕೋರು ನೀಲವ್ವನ ಕಣ್ಣು ಒರೆಸಿದರು.

"ಅಳಬ್ಯಾಡ. ನಾ ಹುಡುಕಿ ಕೊಡ್ತೀನಿ" ಅಂದರು.

ಮೊದಲು ಪಾಟಿಯ ಹತ್ತಿರ ಹೋದರು.

"ಪಾಟಿ, ಪಾಟಿ, ಸೊನ್ನಿ ಕಳದೈತಿ. ನೀ ಕೊಡು."

"ನಾ ಒಲ್ಲೆ" ಅಂತು ಪಾಟಿ. "ಬಳಪ ತಿರಗದ ನಾ ಎಲ್ಲಿಂದ ಕೊಡ್ಲಿ? ಬಳಪಕ್ಕ ಕೇಳ್ರಿ."

ಅಕ್ಕೋರು ಬಳಪದ ಹತ್ತಿರ ಹೋದರು. ಅದು ಹೆಬ್ಬೆರಳಿನಷ್ಟೇ ಇತ್ತು. ಗತ್ತು ಮಾತ್ರ ದೊಡ್ಡದು.

"ಬಳಪ, ಬಳಪ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ನೀ ತಿರಗು."

"ನಾ ಒಲ್ಲೆ" ಅಂತು ಬಳಪ. "ಕೈ ಹಿಡಿಯದ ನಾ ಹೆಂಗ ತಿರಗ್ಲಿ? ಕೈಗೆ ಕೇಳ್ರಿ."

ಅಕ್ಕೋರು ನೀಲವ್ವನ ಕೈಯ ಹತ್ತಿರ ಹೋದರು. ಕೈ ಕಂಕುಳಲ್ಲಿ ಅಡಗಿ ಕೂತಿತ್ತು. ಅವರೇ ಹೇಳಿದ್ದರಲ್ಲ, ಕೈ ಕಟ್ಟು ಅಂತ.

"ಕೈ, ಕೈ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ನೀ ಹಿಡಿ."

ಕೈ ಸುಮ್ಮನಿತ್ತು. ಅಕ್ಕೋರೇ ಅದನ್ನು ಹಿಡಿದು ಬರೆಸಿದರು. ಉದ್ದಕ್ಕೆ ಏನೋ ಬಂತು. ನೀಲವ್ವ ಬಗ್ಗಿ ನೋಡಿದಳು.

"ಇದು ಬದನಿಕಾಯಿ ರೀ" ಅಂದಳು. ಲಂಗದ ಅಂಚಿನಿಂದ ಒರೆಸಿದಳು.

"ನಾ ಒಲ್ಲೆ" ಅಂತು ಕೈ. "ಹೊಟ್ಟಿ ತುಂಬದ ನನಗ ಎಲ್ಲಿ ಶಕ್ತಿ? ಹೊಟ್ಟಿಗೆ ಕೇಳ್ರಿ."

ಅಕ್ಕೋರು ಹೊಟ್ಟೆಯ ಹತ್ತಿರ ಹೋದರು. ಹೊಟ್ಟೆ ಗುರ್ ಗುರ್ ಅನ್ನುತ್ತಿತ್ತು.

"ಹೊಟ್ಟಿ, ಹೊಟ್ಟಿ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ನೀ ತುಂಬು."

"ನಾ ಒಲ್ಲೆ" ಅಂತು ಹೊಟ್ಟೆ. "ಬಾಯಿ ತಿನ್ನದ ನಾ ಹೆಂಗ ತುಂಬ್ಲಿ? ಬಾಯಿಗೆ ಕೇಳ್ರಿ."

ಆಗ ಅಕ್ಕೋರು ನೋಡುತ್ತಾರೆ, ಬೆಳಿಗ್ಗೆ ಕೊಟ್ಟ ಉಪ್ಪಿಟ್ಟು ನೀಲವ್ವನ ತಟ್ಟೆಯಲ್ಲಿ ಹಾಗೇ ಇದೆ. ಒಂದು ತುತ್ತೂ ಕಡಿಮೆಯಾಗಿಲ್ಲ.

"ತಿಪ್ಪವ್ವ, ಇದನ್ನ ಬಿಸಿ ಮಾಡಿ ತಾ."

ತಿಪ್ಪವ್ವ ಬಿಸಿ ಮಾಡಿ ತಂದಳು. ಮೇಲೆ ಇಷ್ಟು ಸಕ್ಕರೆಯನ್ನೂ ಉದುರಿಸಿದಳು. ಅಕ್ಕೋರು ತುತ್ತು ಎತ್ತಿದರು. ಬಾಯಿಯ ಹತ್ತಿರ ಒಯ್ದರು.

"ಬಾಯಿ, ಬಾಯಿ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ನೀ ತಿನ್ನು."

"ನಾ ಒಲ್ಲೆ" ಅಂತು ಬಾಯಿ. ಮುಚ್ಚಿದ ಬಾಯಿ ಹೇಗೆ ಮಾತಾಡಿತು ಅಂತ ಕೇಳಬೇಡಿ. ಬಳಪ ಮಾತಾಡಿದಾಗ ನೀವು ಕೇಳಲಿಲ್ಲ, ಈಗ ಯಾಕೆ? "ಕಾಲು ಕುಂತಲ್ಲೇ ಕುಂತಾವು. ಓಡಿ ಬಂದ್ರಲ್ಲ ನನಗ ರುಚಿ ಹತ್ತೋದು? ಕಾಲಿಗೆ ಕೇಳ್ರಿ."

ಗಡಿಯಾರದಲ್ಲಿ ಹನ್ನೆರಡು. ಅಕ್ಕೋರ ಹಣೆಯ ಮೇಲೆ ಬೆವರು.

ಅಕ್ಕೋರು ಕಾಲುಗಳ ಹತ್ತಿರ ಹೋದರು. ಕಾಲು ಎರಡು. ಒಂದರ ಮೇಲೆ ಒಂದು ಮಡಚಿ ಕೂತಿದ್ದವು.

"ಕಾಲು, ಕಾಲು, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ಬಾಯಿ ತಿನ್ನವಲ್ದು. ನೀವು ಓಡ್ರಿ."

ಅಕ್ಕೋರು ನೀಲವ್ವನನ್ನು ಎಬ್ಬಿಸಿದರು. ಅಂಗಳಕ್ಕೆ ಕರೆದರು. ಅಂಗಳದಲ್ಲಿ ಬೇವಿನ ಮರ. ದಿನಾ ಆ ಮರ ಸುತ್ತುವುದರಲ್ಲಿ ನೀಲವ್ವನೇ ಮುಂದು. ಇವತ್ತು ಕಾಲು ಹೊಸ್ತಿಲಿಗೆ ಬಂದು ನಿಂತವು. ಹೊಸ್ತಿಲು ದಾಟಲಿಲ್ಲ.

"ನಾವು ಒಲ್ಲೆವು" ಅಂದವು ಕಾಲು. "ಮನಸು ನಡಿ ಅನ್ನದ ನಾವು ಹೆಂಗ ನಡಿಯೂಣು? ಮನಸಿಗೆ ಕೇಳ್ರಿ."

ಈಗ ಬಂತು ನೋಡಿ ಪೇಚು. ಪಾಟಿ ಚಾಪೆಯ ಮೇಲಿತ್ತು. ಬಳಪ ಪಾಟಿಯ ಮೇಲಿತ್ತು. ಕೈ ಕಂಕುಳಲ್ಲಿತ್ತು. ಹೊಟ್ಟೆ, ಬಾಯಿ, ಕಾಲು ಅವುಗಳ ಜಾಗದಲ್ಲೇ ಇದ್ದವು. ಮನಸ್ಸು ಎಲ್ಲಿದೆ? ಅಕ್ಕೋರು ಚಾಪೆ ಎತ್ತಿ ನೋಡಿದರು. ಕಪಾಟು ತೆಗೆದು ನೋಡಿದರು. ಹಾಜರಿ ಪುಸ್ತಕ ಬಿಚ್ಚಿ ನೋಡಿದರು. ನೀಲವ್ವ ಹಾಜರು ಅಂತ ಬರೆದಿತ್ತು. ಮನಸ್ಸಿನ ವಿಷಯ ಬರೆದಿರಲಿಲ್ಲ.

"ಏನು ಹುಡುಕಾಕತ್ತೀರಿ ಅಕ್ಕೋರ?" ಅಂತ ತಿಪ್ಪವ್ವ ಸೌಟು ಹಿಡಿದೇ ಬಂದಳು.

"ಏನು ಹೇಳ್ಲಿ ತಿಪ್ಪವ್ವ. ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ಬಾಯಿ ತಿನ್ನವಲ್ದು. ಕಾಲು ಓಡವಲ್ಲವು. ಈ ಹುಡುಗಿ ಮನಸು ಎಲ್ಲೈತೋ ಸಿಗವಲ್ದು."

"ಅದಕ್ಕ ಕಪಾಟು ಯಾಕ ತಗೀತೀರಿ? ಹುಡುಗಿ ಎತ್ತ ನೋಡಾಕತ್ತಾಳ ಅಂತ ನೋಡ್ರಿ. ಅಲ್ಲೇ ಇರತೈತಿ."

ಅಕ್ಕೋರು ನೀಲವ್ವನನ್ನು ನೋಡಿದರು. ನೀಲವ್ವ ಗೋಡೆಯ ಕಡೆ ನೋಡುತ್ತಿದ್ದಳು. ಅಕ್ಕೋರೂ ಗೋಡೆಯ ಕಡೆ ನೋಡಿದರು. ಅಲ್ಲಿ ದಾವಲಬಿ ಕೂತಿದ್ದಳು. ಅವಳ ಪಕ್ಕದಲ್ಲಿ ನೀಲವ್ವನ ಮನಸ್ಸು ಕೂತಿತ್ತು. ಅದೂ ಕೈ ಕಟ್ಟಿಕೊಂಡಿತ್ತು.

"ಮನಸೇ, ಮನಸೇ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ಬಾಯಿ ತಿನ್ನವಲ್ದು. ಕಾಲು ಓಡವಲ್ಲವು. ನೀ ಚಾಪಿಗೆ ಬಾ."

"ನಾ ಒಲ್ಲೆ" ಅಂತು ಮನಸ್ಸು. ಬಹಳ ಮೆಲ್ಲಗೆ ಅಂತು. "ದಾವಲಬಿ ಇಲ್ಲಿ ಕುಂತಾಳ. ನಾನೂ ಇಲ್ಲೇ ಕುಂತೀನಿ. ಅವಳು ಬಂದ್ರ ಬರ್ತೀನಿ. ದಾವಲಬಿಗೆ ಕೇಳ್ರಿ."

ಗಡಿಯಾರದಲ್ಲಿ ಹನ್ನೆರಡೂವರೆ.

ಅಕ್ಕೋರು ದಾವಲಬಿಯ ಮುಂದೆ ಕೂತರು. ಬೆಳಿಗ್ಗೆಯಿಂದ ಆ ಹುಡುಗಿ ಅಲ್ಲಾಡಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಿರಲಿಲ್ಲ.

"ದಾವಲಬಿ, ದಾವಲಬಿ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ಬಾಯಿ ತಿನ್ನವಲ್ದು. ಕಾಲು ಓಡವಲ್ಲವು. ಮನಸು ಬರವಲ್ದು. ನೀ ಚಾಪಿಗೆ ಬಾರವಾ."

ದಾವಲಬಿ ತಲೆ ಅಲ್ಲಾಡಿಸಿದಳು.

"ಬಾಯಿ ತಗದು ಹೇಳು."

"ನಾ ಒಲ್ಲೆ ರೀ. ಕೂಡು ಅಂದವ್ರ ಏಳು ಅನ್ನೂತನಕ ಏಳಬ್ಯಾಡ ಅಂದಾರ್ರಿ."

"ಯಾರು ಅಂದಾರ?"

"ಅಕ್ಕೋರು ಅಂದಾರ್ರಿ. ಅಕ್ಕೋರಿಗೆ ಕೇಳ್ರಿ."

ಬೆಳಿಗ್ಗೆಯಿಂದ ಕೇಳಿ ಕೇಳಿ ಅಕ್ಕೋರಿಗೆ ಅದೇ ಚಟವಾಗಿತ್ತು. ಪಟ್ಟನೆ ಎದ್ದರು. ಹಿಂದೆ ತಿರುಗಿದರು.

"ಅಕ್ಕೋರ, ಅಕ್ಕೋರ, ಸೊನ್ನಿ ಕಳದೈತಿ. ಪಾಟಿ ಕೊಡವಲ್ದು. ಬಳಪ ತಿರಗವಲ್ದು. ಕೈ ಹಿಡಿಯವಲ್ದು. ಹೊಟ್ಟಿ ತುಂಬವಲ್ದು. ಬಾಯಿ ತಿನ್ನವಲ್ದು. ಕಾಲು ಓಡವಲ್ಲವು. ಮನಸು ಬರವಲ್ದು. ದಾವಲಬಿ ಏಳವಲ್ಲಳು. ನೀವು..."

ಅಲ್ಲಿ ಯಾರೂ ಇರಲಿಲ್ಲ.

"ಎಲ್ಲಿ ಅದಾರ ಅಕ್ಕೋರು?" ಅಂದರು ಅಕ್ಕೋರು.

ಹದಿನೆಂಟು ಮಕ್ಕಳು ಹದಿನೆಂಟು ಬೆರಳು ತೋರಿಸಿದರು. ದಾವಲಬಿಯ ಕೈ ಕಟ್ಟಿತ್ತಲ್ಲ, ಅವಳು ಗದ್ದದಿಂದ ತೋರಿಸಿದಳು. ನೀಲವ್ವ ಕಣ್ಣಿಂದ ತೋರಿಸಿದಳು. ಬಾಗಿಲಲ್ಲಿ ನಿಂತ ತಿಪ್ಪವ್ವ ಸೌಟಿನಿಂದ ತೋರಿಸಿದಳು.

ಅಕ್ಕೋರ ಮುಖ ಕೆಂಪಾಯಿತು. ನಾಚಿಕೆಯಾಯಿತು. ಇಷ್ಟು ಮಕ್ಕಳ ಮುಂದೆ ಕೂಡು ಅಂದಿದ್ದಾಗಿದೆ. ಈಗ ಏಳು ಅನ್ನುವುದು ಹೇಗೆ? ಅಕ್ಕೋರು ಅಂದ ಮೇಲೆ ಆಡಿದ ಮಾತು ಆಡಿದ್ದೇ ಅಲ್ಲವೇ? ನಾ ಒಲ್ಲೆ ಅನ್ನುವುದು ಅವರ ನಾಲಿಗೆಯ ತುದಿಗೂ ಬಂದಿತ್ತು. ಪಾಟಿ ಅಂದಿತ್ತು, ಬಳಪ ಅಂದಿತ್ತು, ಅವರೂ ಅನ್ನಬಹುದಿತ್ತು.

ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಶಂಕ್ರವ್ವ ಕಂಡಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಿರಬಿರನೆ ಬರುತ್ತಿದ್ದಳು. ನೀಲವ್ವನೂ ನೋಡಿದಳು. ಖಾಲಿ ಪಾಟಿಯನ್ನು ಮಗುಚಿ ಹಾಕಿ, ಅದರ ಮೇಲೆ ಕೂತುಬಿಟ್ಟಳು.

ಅದನ್ನು ಕಂಡು ಅಕ್ಕೋರು ಒಲ್ಲೆ ಅನ್ನುವುದನ್ನು ನುಂಗಿಬಿಟ್ಟರು. ಮತ್ತೆ ದಾವಲಬಿಯ ಮುಂದೆ ಕೂತರು.

"ನಂದ ತಪ್ಪಾತವಾ ದಾವಲಬಿ. ನಿನ್ನ ಚಾಪಿಯಿಂದ ಎಬ್ಬಿಸಬಾರದಿತ್ತು. ಏಳವಾ."

ಅಕ್ಕೋರು ಏಳು ಅಂದರು. ದಾವಲಬಿ ಎದ್ದಳು. ಮೊದಲು ಮೂಗಿನ ನೊಣ ಓಡಿಸಿದಳು. ಆಮೇಲೆ ಚಾಪೆಗೆ ಬಂದಳು.

ದಾವಲಬಿ ಬಂದಳು, ಮನಸ್ಸು ಬಂತು. ಮನಸ್ಸು ಬಂತು, ಕಾಲು ಎದ್ದವು. ಹೊಸ್ತಿಲು ದಾಟಿದವು. ಬೇವಿನ ಮರ ಸುತ್ತಿದವು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಬಾಗಿಲಿಗೆ ಬಂದಿದ್ದ ಶಂಕ್ರವ್ವನನ್ನೂ ಒಂದು ಸುತ್ತು ಸುತ್ತಿದವು. ಕಾಲು ಓಡಿದವು, ಬಾಯಿ ತೆರೆಯಿತು. ಬಾಯಿ ತಿಂದಿತು, ಹೊಟ್ಟೆ ತುಂಬಿತು. ಹೊಟ್ಟೆ ತುಂಬಿತು, ಕೈ ಬಂತು. ಕೈ ಬಂತು, ಬಳಪ ಹಿಡಿಯಿತು.

ದಾವಲಬಿ ಅಂಗೈ ಚಾಚಿದಳು. ಅಕ್ಕೋರ ಮುಖ ನೋಡಿದಳು.

"ತಟ್ಟು" ಅಂದರು ಅಕ್ಕೋರು.

ತಟ್, ತಟ್, ತಟ್. ತಿರಗ ರೊಟ್ಟಿ, ತಿರಗ.

ಬಳಪ ತಿರುಗಿತು. ಪಾಟಿ ಕೊಟ್ಟಿತು. ಸೊನ್ನೆ ಬಂತು. ದುಂಡಗೆ ಬಂತು.

ಶಂಕ್ರವ್ವ ಇನ್ನೂ ಹೊಸ್ತಿಲ ಆಚೆಯೇ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಒಳಗೆ ಬರಲು ಸಂಕೋಚ.

"ಬರ್ರಿ, ಚಾಪಿ ಮ್ಯಾಲೆ ಕೂಡ್ರಿ" ಅಂದರು ಅಕ್ಕೋರು.

ಶಂಕ್ರವ್ವ ಬಂದು ಕೂತಳು. ಪಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ದಿನಕ್ಕೆ ಇನ್ನೂರು ರೊಟ್ಟಿ ನೋಡುವವಳು, ಒಂದು ಸೊನ್ನೆಯನ್ನು ಅಷ್ಟು ಹೊತ್ತು ನೋಡಿದಳು.

"ನೋಡಿದಿ ಅವ್ವಾ?"

"ನೋಡಿದೆ."

"ಚಂದ ಐತಿ?"

"ಭಾಳ ಚಂದ ಐತಿ. ದಾವಲಬಿ, ನಿಂದೆಲ್ಲೈತವ್ವ?"

ದಾವಲಬಿ ತನ್ನ ಪಾಟಿ ತಂದಳು. ಈಗ ನೀಲವ್ವ ತಟ್ಟಿದಳು, ದಾವಲಬಿ ಬರೆದಳು. ಅದು ಸೊಟ್ಟಗೆ ಬಂತು. ದಾವಲಬಿ ಅದನ್ನು ಎಲ್ಲರಿಗೂ ತೋರಿಸಿದಳು. ನನಗೆ ನನಗೆ ಅಂತ ಉಳಿದ ಹದಿನೆಂಟೂ ಮಕ್ಕಳು ಪಾಟಿ ಹಿಡಿದು ಬಂದರು. ಇಷ್ಟು ಜನಕ್ಕೆ ತಟ್ಟಲು ಪುಟ್ಟ ಅಂಗೈ ಎಲ್ಲಿ ಸಾಕು? ಶಂಕ್ರವ್ವ ಎರಡೂ ಕೈ ನೆಲದ ಮೇಲಿಟ್ಟಳು. ರೊಟ್ಟಿ ಬಡಿದು ಪಳಗಿದ ಕೈ. ಧಪ್, ಧಪ್, ಧಪ್. ತಿಪ್ಪವ್ವ ಸೌಟಿನಿಂದ ಪಾತ್ರೆ ಬಡಿದಳು. ಇಪ್ಪತ್ತು ಬಳಪ ತಿರುಗಿದವು. ಅಕ್ಕೋರು ಯಾರಿಗೂ ಬಾಯಿ ಮುಚ್ಚು ಅನ್ನಲಿಲ್ಲ. ಅವರೂ ತಟ್ಟುತ್ತಿದ್ದರು.

ಸದ್ದು ಓಣಿಗೆಲ್ಲ ಕೇಳಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ಕಿಟಕಿಯಲ್ಲಿ ಹಣಿಕಿ ಹಾಕಿದ.

"ಏನ್ರಿ ಅಕ್ಕೋರ, ಇವತ್ತು ಪಾಠ ಇಲ್ಲೇನು?"

"ಪಾಠಾನ ನಡದೈತ್ರಿ ಅಜ್ಜಾರ" ಅಂದರು ಮಾದೇವಿ ಅಕ್ಕೋರು.

ಸೊನ್ನೆ ಸೇರಿತು ಪಾಟಿಗೆ. ಶಂಕ್ರವ್ವ ಹೋದಳು ರೊಟ್ಟಿಗೆ. ನೀವು ನಡೆಯಿರಿ ಊಟಕ್ಕೆ.